ಫಿಲ್ಟರಿಗೆ ಪಳಗಿದ ಕೈಯಲ್ಲಿ ಮೋಕಾ ಪಾಟ್

ಮೋಕಾ ಪಾಟ್ ಎಂದರೆ ಒಲೆಯ ಮೇಲಿಟ್ಟು ಕಾಫಿ ಮಾಡುವ ಮೂರು ಭಾಗದ ಪಾತ್ರೆ: ತಳದಲ್ಲಿ ನೀರು, ನಡುವೆ ಆಲಿಕೆಯಂಥ ಬುಟ್ಟಿಯಲ್ಲಿ ಪುಡಿ, ಮೇಲಿನ ಪಾತ್ರೆಗೆ ಏರಿ ಬರುವ ಕಾಫಿ. ಅದರ ಕಾಫಿ ಕಹಿ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಯಾವ ಪುಡಿ ಎಂದು. ಹೆಚ್ಚಿನ ಸಲ ಅದು ಫಿಲ್ಟರಿಗೆಂದು ತಂದ, ಚಿಕೋರಿ ಬೆರೆತ ನುಣ್ಣನೆ ಪುಡಿಯೇ ಆಗಿರುತ್ತದೆ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ತಡವಾದಷ್ಟೂ ಡಿಕಾಕ್ಷನ್ ಗಟ್ಟಿ. ಇಲ್ಲಿ ಹಾಗಲ್ಲ. ತಳದ ಪಾತ್ರೆಯ ಗಾಳಿ ಮತ್ತು ಆವಿ ಹಿಗ್ಗಿ ನೀರನ್ನು ಆಲಿಕೆಯ ಕೊಳವೆಯೊಳಗಿಂದ ಮೇಲಕ್ಕೆ ನೂಕಬೇಕು. ಆ ಒತ್ತಡ ಒಂದೆರಡು ಬಾರ್ ಅಷ್ಟೆ. ಎಸ್ಪ್ರೆಸೊ ಯಂತ್ರದ್ದು ಸುಮಾರು 9 ಬಾರ್. ಚಿಕೋರಿ ಅಂಟಾಗಿ ದಾರಿ ಕಟ್ಟಿದರೆ ನೀರು ಏರಲಾರದೆ ಕೆಳಗೇ ಕಾಯುತ್ತದೆ, ಕೊನೆಗೆ ಬರುವುದು ಸುಟ್ಟ ರುಚಿಯ ಕಾಫಿ.

ಹಾಗಾಗಿ ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡ ಎಂದು ಹೇಳಿ, ತುಸು ತರಿಯಾಗಿ ಬೀಸಿಸಿಕೊಳ್ಳುತ್ತೇನೆ. ಎರಡು ಬೆರಳ ನಡುವೆ ಉಜ್ಜಿದರೆ ಚಿರೋಟಿ ರವೆಯಂತೆ ಸಿಗಬೇಕು. ಮೈದಾದಂತೆ ಜಾರಿದರೆ ಅದು ಫಿಲ್ಟರಿಗೇ ಸರಿ. ಆರಿದ್ರ ಮಳೆ ಹಿಡಿದ ಮೇಲೆ ಪುಡಿ ಥಂಡಿ ಹೀರಿ ಗಂಟುಗಟ್ಟುತ್ತದೆ; ಆಗ 100 ಗ್ರಾಮಿಗಿಂತ ಹೆಚ್ಚು ತರುವುದಿಲ್ಲ.

ನನ್ನದು 3 ಕಪ್ಪಿನದು. ಕಪ್ಪು ಎಂದರೆ ಇಟಲಿಯ ಪುಟ್ಟ ಕಪ್ಪು. 1933ರಲ್ಲಿ ಅಲ್ಫಾನ್ಸೊ ಬಿಯಲೆಟ್ಟಿ ಅಲ್ಲಿ ಹೊರತಂದ ಎಂಟು ಮೂಲೆಯ ಅಲ್ಯುಮಿನಿಯಂ ಪಾತ್ರೆಯ ಲೆಕ್ಕ ಈಗಲೂ ಅದೇ. ನಮ್ಮ ಲೋಟಕ್ಕೆ ಹಾಲು ಬೆರೆಸಿದರೆ ಇಬ್ಬರಿಗೆ ಸರಿ. ನೀರು ಸುಮಾರು 140 ಮಿ.ಲೀ., ಪುಡಿ 15ರಿಂದ 16 ಗ್ರಾಂ. ಅಳತೆ ಇಲ್ಲದಿದ್ದರೂ ಒಂದು ಗುರುತು ಸಾಕು: ನೀರು ತಳದ ಪಾತ್ರೆಯ ಪಕ್ಕದಲ್ಲಿರುವ, ಹೆಚ್ಚಾದ ಆವಿಯನ್ನು ಹೊರಬಿಡುವ ಸೇಫ್ಟಿ ವಾಲ್ವಿನ ಕೆಳಗೇ ನಿಲ್ಲಬೇಕು, ವಾಲ್ವು ಮುಳುಗಕೂಡದು. ಪುಡಿಯನ್ನು ಬುಟ್ಟಿಯ ಅಂಚಿನವರೆಗೆ ತುಂಬಿ ಚಮಚದ ಹಿಂಬದಿಯಿಂದ ಸಮ ಮಾಡಿ. ಫಿಲ್ಟರಿನ ಕೊಡೆಯಿಂದ ಒತ್ತುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಅಂಚಿನ ಮೇಲೆ ಬಿದ್ದ ಪುಡಿಯನ್ನು ಬೆರಳಿನಿಂದ ಸವರಿ ತೆಗೆಯಿರಿ. ನಾಲ್ಕು ಕಾಳು ಉಳಿದರೂ ಗ್ಯಾಸ್ಕೆಟ್, ಅಂದರೆ ಎರಡು ಪಾತ್ರೆಗಳ ನಡುವಿನ ರಬ್ಬರ್ ಬಳೆ, ಕೂರದೆ ಪಕ್ಕದಿಂದ ಆವಿ ಬುಸುಗುಡುತ್ತದೆ. ತಿರುಗಿಸಿ ಬಿಗಿ ಮಾಡುವಾಗ ಹಿಡಿಯನ್ನು ಹಿಡಿಯಬೇಡಿ, ಸಡಿಲವಾಗುತ್ತದೆ. ಮೇಲಿನ ಪಾತ್ರೆಯ ಮೈಯನ್ನೇ ಹಿಡಿಯಿರಿ. ನಾನು ತಳಕ್ಕೆ ಬಿಸಿನೀರು ಹಾಕುವುದರಿಂದ ಅದನ್ನು ಮಸಿಬಟ್ಟೆಯಲ್ಲಿ ಹಿಡಿದಿರುತ್ತೇನೆ.

ಗ್ಯಾಸಿನ ಸಣ್ಣ ಬರ್ನರ್, ಸಣ್ಣ ಉರಿ. ಜ್ವಾಲೆ ತಳ ದಾಟಿ ಪಕ್ಕಕ್ಕೆ ಬಂದರೆ ಪ್ಲಾಸ್ಟಿಕ್ ಹಿಡಿ ಕರಗುತ್ತದೆ. ಅಲ್ಯುಮಿನಿಯಂನದು ಇಂಡಕ್ಷನ್ ಒಲೆಗೆ ನೇರವಾಗಿ ಆಗುವುದಿಲ್ಲ.

ಮುಚ್ಚಳ ತೆರೆದೇ ಇಟ್ಟು ನೋಡುತ್ತಿರಿ. ಮೊದಲು ಕಪ್ಪು ಕಂದು ಬಣ್ಣದ ಡಿಕಾಕ್ಷನ್ ಸದ್ದಿಲ್ಲದೆ ನಡುಗಂಬದ ತುದಿಯಿಂದ ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ಆಮೇಲೆ ಬಣ್ಣ ತೆಳುವಾಗುತ್ತಾ ಜೇನಿನಂತಾಗಿ, ನೊರೆ ಕಾಣಿಸಿ ಗೊರಗೊರ ಶುರುವಾಗುತ್ತದೆ. ಆ ಸದ್ದು ಜೋರಾಗುವುದನ್ನು ಕಾಯಬೇಡಿ. ಬಣ್ಣ ತೆಳುವಾದ ಕೂಡಲೇ ಇಳಿಸಿ ತಳವನ್ನು ಒದ್ದೆ ಬಟ್ಟೆಯ ಮೇಲಿಡಿ. ಕೊನೆಗೆ ಬರುವುದು ಬರೀ ಆವಿ ಮತ್ತು ಕುದಿನೀರು. ಇಡೀ ಪಾತ್ರೆಯ ಕಹಿ ಅದರದ್ದೇ. ತಳದಲ್ಲಿ ತುಸು ನೀರು ಉಳಿಯುವುದು ಸಹಜ. ಜೋನಿಬೆಲ್ಲ ಹಾಕುವವರು ಡಿಕಾಕ್ಷನ್ನಿಗೆ ಕದಡಿ, ಒಲೆಯಿಂದ ಇಳಿಸಿದ ಹಾಲನ್ನು ಆಮೇಲೆ ಬೆರೆಸಿ. ಕುದಿಯುವ ಹಾಲಿಗೇ ಸುರಿದರೆ ಒಡೆಯಬಹುದು.

ಏನೂ ಮೇಲೇರದೆ ವಾಲ್ವಿನಿಂದ ಆವಿ ನುಗ್ಗಿದರೆ ಪುಡಿ ಕಟ್ಟಿಕೊಂಡಿದೆ ಎಂದರ್ಥ. ಗ್ಯಾಸ್ ಆರಿಸಿ, ಪೂರ್ತಿ ತಣಿಯುವವರೆಗೆ ತಿರುಪು ಬಿಚ್ಚಬೇಡಿ. ಕುಕ್ಕರಿನಷ್ಟೇ ಎಚ್ಚರ ಇದಕ್ಕೂ ಬೇಕು.

ತೊಳೆಯಲು ಬಿಸಿನೀರು, ಮೆತ್ತನೆ ಸ್ಪಂಜು, ಬೇಕಾದರೆ ತುಸು ಸೋಪು. ಬೂದಿ, ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ಉಜ್ಜು ಎಲ್ಲಕ್ಕೂ ದೂರ. ಬೂದಿಯ ಕ್ಷಾರ ಅಲ್ಯುಮಿನಿಯಂ ಅನ್ನು ತಿಂದು ಮೈ ಕಪ್ಪಾಗಿಸುತ್ತದೆ. ಗಡಸು ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಸುಣ್ಣ ಕಟ್ಟಿ ವಾಲ್ವು ಹಿಡಿದುಕೊಳ್ಳುತ್ತದೆ. ಆಗ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಪುಡಿಯಿಲ್ಲದೆ ಒಮ್ಮೆ ಕಾಯಿಸಿ ಚೆಲ್ಲಿ, ಆಮೇಲೆ ಬರೀ ನೀರಿನಲ್ಲಿ ಮತ್ತೊಮ್ಮೆ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಮನೆಗಳಿಗೆ ಈ ಕೆಲಸ ಕಮ್ಮಿ. ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಅದೇ ಅಳತೆಯದನ್ನು ತಂದು ಬದಲಿಸಿ. ಹಳೆಯದನ್ನು ಚಮಚದ ತುದಿಯಿಂದ ಮೀಟಿದರೆ ಜರಡಿ ಬಿಲ್ಲೆಯೂ ಜೊತೆಗೇ ಬರುತ್ತದೆ, ಅದರ ಹಿಂದೆ ಕೂತ ಜಿಡ್ಡನ್ನೂ ಆಗಲೇ ತೊಳೆಯಿರಿ.

ಮಳೆಗಾಲದಲ್ಲಿ ಒದ್ದೆಯಾಗಿಯೇ ಜೋಡಿಸಿಟ್ಟರೆ ನಾಲ್ಕು ದಿನಕ್ಕೆ ಒಳಗೆ ಬೂಷ್ಟು. ಮೂರೂ ಭಾಗ ಬಿಚ್ಚಿ, ಒರೆಸಿ, ಬಿಡಿಬಿಡಿಯಾಗಿ ಬೋರಲು ಹಾಕುತ್ತೇನೆ. ಬೇಗ ಒಣಗಲಿ ಎಂದು ಬಚ್ಚಲೊಲೆಯ ಕಟ್ಟೆಯ ಮೇಲೆ ಮಾತ್ರ ಇಡಬೇಡಿ, ಹೊಗೆ ವಾಸನೆ ಗ್ಯಾಸ್ಕೆಟ್ಟಿಗೆ ಹಿಡಿದರೆ ಹೋಗುವುದಿಲ್ಲ.