ಎತ್ತರದ ಮರುಭೂಮಿಯಲ್ಲಿ ಆರ್‌ವಿ ಪಾರ್ಕ್ ಆರಿಸುವ ಮುನ್ನ

ಬೇಸಿಗೆಯಲ್ಲಿ ಮೈಸೂರಿನಿಂದ ಅಮೆರಿಕಕ್ಕೆ ಬರುವ ತಂದೆತಾಯಿಯರನ್ನು ಮಕ್ಕಳು ಆರ್‌ವಿ ಬಾಡಿಗೆಗೆ ಹಿಡಿದು ಅರಿಜೋನಾ, ಯೂಟಾ, ಕ್ಯಾಲಿಫೋರ್ನಿಯಾಗಳ ಮರುಭೂಮಿಗೆ ಕರೆದೊಯ್ಯುವುದು ಈಗ ಅಪರೂಪವೇನಲ್ಲ. ಹಾಸಿಗೆ, ಒಲೆ, ಶೌಚಾಲಯಗಳೆಲ್ಲ ಒಳಗೇ ಇರುವ ಈ ವಾಹನವನ್ನು ರಾತ್ರಿ ನಿಲ್ಲಿಸಿ, ವಿದ್ಯುತ್ತು, ನೀರು, ಒಳಚರಂಡಿಗಳಿಗೆ ಜೋಡಿಸಿಕೊಳ್ಳುವ ತಾಣವೇ ಆರ್‌ವಿ ಪಾರ್ಕ್. ಇದನ್ನು ಕಾಯ್ದಿರಿಸುವವರು ಸಾಮಾನ್ಯವಾಗಿ ಈಜುಕೊಳದ ಚಿತ್ರ ನೋಡಿ, ಬೆಲೆ ಹೋಲಿಸಿ ಕೆಲಸ ಮುಗಿಸುತ್ತಾರೆ. ಆದರೆ ಹಗಲೆಲ್ಲ ನಾವು ಹೊರಗೆ ಸುತ್ತುತ್ತಿರುತ್ತೇವೆ. ಪಾರ್ಕ್ ನಮಗೆ ನಿಜವಾಗಿ ಬೇಕಾಗುವುದು ಕತ್ತಲಾದ ಮೇಲೆ. ಆದ್ದರಿಂದ ಅಲ್ಲಿನ ರಾತ್ರಿ ಹೇಗಿರುತ್ತದೆ ಎಂಬ ಪ್ರಶ್ನೆಯಿಂದಲೇ ಆಯ್ಕೆ ಆರಂಭವಾಗಬೇಕು.

ಮರುಭೂಮಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಿಸಿಲು ಮಾತ್ರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ನೆತ್ತಿ ಸುಮಾರು 1,060 ಮೀಟರ್. ಯೂಟಾದ ಮೋಆಬ್ ಪಟ್ಟಣವೇ ನಮ್ಮ ಬೆಟ್ಟಕ್ಕಿಂತ ಎತ್ತರದಲ್ಲಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಸುಮಾರು 7,000 ಅಡಿ, ಅಂದರೆ 2,100 ಮೀಟರಿಗೂ ಹೆಚ್ಚು. ಗಾಳಿ ಒಣಗಿರುವುದರಿಂದ ಮತ್ತು ಮೋಡ ಕಡಿಮೆ ಇರುವುದರಿಂದ ನೆಲ ಹಗಲು ಹೀರಿಕೊಂಡ ಕಾವನ್ನು ಸೂರ್ಯ ಮುಳುಗಿದೊಡನೆ ಬಿಟ್ಟುಕೊಡುತ್ತದೆ. ಹಗಲಿಗೂ ರಾತ್ರಿಗೂ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರ ಅಲ್ಲಿ ಸಾಮಾನ್ಯ. ನಾವು ಏಪ್ರಿಲ್ ಕೊನೆಯಲ್ಲಿ ಅಂಥ ಎತ್ತರದ ಒಂದು ಪಾರ್ಕಿನಲ್ಲಿ ತಂಗಿದ್ದಾಗ, ಮಧ್ಯಾಹ್ನ ತೋಳಿಲ್ಲದ ಬನಿಯನ್ನಿನಲ್ಲಿ ಕುಳಿತಿದ್ದ ನಾನು ಬೆಳಗಿನ ಜಾವ ಎದ್ದು ನೋಡಿದರೆ ನಲ್ಲಿಗೆ ಜೋಡಿಸಿದ್ದ ರಬ್ಬರ್ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಕಲ್ಲಾಗಿತ್ತು, ಒಂಬತ್ತು ಗಂಟೆಯವರೆಗೆ ಕಾಫಿಗೂ ನೀರಿರಲಿಲ್ಲ. ಸಂಜೆಯೇ ಪೈಪು ಬಿಚ್ಚಿ, ವಾಹನದ ಟ್ಯಾಂಕಿನಲ್ಲಿ ನೀರು ತುಂಬಿಟ್ಟುಕೊಳ್ಳಬೇಕೆಂದು ಪಾರ್ಕಿನವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೀಗಾಗಿ ಮೊದಲು ಪಾರ್ಕಿನ ಎತ್ತರವನ್ನೂ ನೀವು ಹೋಗುವ ತಿಂಗಳಿನ ಕನಿಷ್ಠ ತಾಪಮಾನವನ್ನೂ ನೋಡಿ, ಅದು ಶೂನ್ಯದ ಆಸುಪಾಸಿನಲ್ಲಿದ್ದರೆ ಅಲ್ಲಿನ ನಲ್ಲಿಗಳು ಚಳಿಗೆ ತಡೆಯುತ್ತವೆಯೇ ಎಂದು ಫೋನಿನಲ್ಲೇ ವಿಚಾರಿಸಬೇಕು.

ಎರಡನೆಯದು ವಿದ್ಯುತ್ತು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಅಡುಗೆ ಇದನ್ನೇ ಅವಲಂಬಿಸಿದೆ. ಪಾರ್ಕುಗಳಲ್ಲಿ 30 ಆಂಪಿಯರ್ ಮತ್ತು 50 ಆಂಪಿಯರ್ ಎಂಬ ಎರಡು ಬಗೆಯ ಸಂಪರ್ಕಗಳು ಹೆಚ್ಚಾಗಿ ಸಿಗುತ್ತವೆ. ಅಮೆರಿಕದ ಪ್ಲಗ್‌ಗಳಲ್ಲಿ ಬರುವುದು 120 ವೋಲ್ಟ್ ಆದ್ದರಿಂದ 30 ಆಂಪಿಯರ್ ಸಂಪರ್ಕದಿಂದ ದೊರೆಯುವುದು ಒಟ್ಟು 3,600 ವ್ಯಾಟ್ ಮಾತ್ರ. 50 ಆಂಪಿಯರಿನಲ್ಲಿ ಎರಡು ತಂತಿಗಳ ಮೂಲಕ 12,000 ವ್ಯಾಟ್ ದೊರೆಯುತ್ತದೆ. ಛಾವಣಿಯ ಎ.ಸಿ. ಸುಮಾರು 13ರಿಂದ 15 ಆಂಪಿಯರ್ ಎಳೆಯುತ್ತದೆ, 1,800 ವ್ಯಾಟಿನ ಇಂಡಕ್ಷನ್ ಒಲೆ ಇನ್ನೊಂದು 15 ಆಂಪಿಯರ್ ಎಳೆಯುತ್ತದೆ. 30 ಆಂಪಿಯರಿನ ತಾಣದಲ್ಲಿ ಇವೆರಡನ್ನೂ ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುವುದು ಬಹುತೇಕ ಖಚಿತ. ವಾಹನವೇ 30 ಆಂಪಿಯರಿನದಾಗಿದ್ದರೆ 50ರ ತಾಣಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ, ಆದ್ದರಿಂದ ಬಾಡಿಗೆಯವರಲ್ಲಿ ಮೊದಲು ಅದನ್ನು ಕೇಳಿಕೊಳ್ಳಿ. ಇನ್ನು ಊರಿನಿಂದ ಒಯ್ದ 230 ವೋಲ್ಟಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಒಯ್ಯುವುದೇ ಜಾಣತನ. ಕುಕ್ಕರನ್ನು ಮಾತ್ರ ಮರೆಯಬಾರದು: 7,000 ಅಡಿಯಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲವೆನ್ನಿಸಿಬಿಡುತ್ತದೆ.

ಕಾಡು ಚೆನ್ನ, ಸಂಪರ್ಕವಿಲ್ಲದಿದ್ದರೂ ಪರವಾಗಿಲ್ಲ ಎಂದು ಮಕ್ಕಳು ಹೇಳಬಹುದು. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ವಿದ್ಯುತ್ ಸಂಪರ್ಕವಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನ ಟ್ರೇಲರ್ ವಿಲೇಜ್‌ನಲ್ಲಿ ವಿದ್ಯುತ್ತು, ನೀರು, ಒಳಚರಂಡಿ ಮೂರೂ ಇವೆ. ಸಂಪರ್ಕವಿಲ್ಲದ ಕಡೆ ಹೀಟರ್ ಗ್ಯಾಸಿನಿಂದ ಉರಿದರೂ ಅದರ ಫ್ಯಾನ್ ಬ್ಯಾಟರಿಯಿಂದ ತಿರುಗುತ್ತದೆ, ಚಳಿಯ ಇಡೀ ರಾತ್ರಿಗೆ ಆ ಬ್ಯಾಟರಿ ಸಾಲದೆ ಹೋಗಬಹುದು. ಜನರೇಟರಿಗೆ ಗಾಳಿ ತೆಳುವಾದಂತೆ ಶಕ್ತಿ ಕುಗ್ಗುತ್ತದೆ, ಪ್ರತಿ 1,000 ಅಡಿಗೆ ಸುಮಾರು 3 ಪ್ರತಿಶತ. ಅದನ್ನು ರಾತ್ರಿ ಓಡಿಸಲು ಬಹುತೇಕ ಕಡೆ ಬಿಡುವುದೂ ಇಲ್ಲ. ಅರುವತ್ತು ದಾಟಿದವರು, ರಕ್ತದೊತ್ತಡದವರು ಜೊತೆಗಿದ್ದರೆ ಮೊದಲ ಎರಡು ರಾತ್ರಿಯಾದರೂ ಮೂರೂ ಸಂಪರ್ಕಗಳಿರುವ ಪಾರ್ಕೇ ಇರಲಿ ಎಂಬುದು ನನ್ನ ನಿಲುವು.

ತಾಣದ ನೆಲವನ್ನು ಉಪಗ್ರಹ ನಕ್ಷೆಯಲ್ಲಿ ತಾವೇ ನೋಡುವುದು ಒಳ್ಳೆಯದು. ಅಲ್ಲಿನ ಒಣ ಹಳ್ಳಗಳನ್ನು ವಾಶ್ ಎನ್ನುತ್ತಾರೆ. ಮರಳು ಹಾಸಿದಂತೆ ಸಮತಟ್ಟಾಗಿ, ವಾಹನ ನಿಲ್ಲಿಸಲೆಂದೇ ಮಾಡಿದಂತೆ ಕಾಣುತ್ತವೆ. ಆಕಾಶ ಶುಭ್ರವಾಗಿದ್ದರೂ ಕಟ್ಟೆಯಿಂದ ಬಿಟ್ಟ ನೀರು ಮಂಡ್ಯದ ನಾಲೆಯಲ್ಲಿ ಬಂದುಬಿಡುವಂತೆ, ಎಲ್ಲೋ ದೂರದ ಗುಡ್ಡದಲ್ಲಿ ಸುರಿದ ಮಳೆ ಈ ಹಳ್ಳಗಳಲ್ಲಿ ದಿಢೀರನೆ ನುಗ್ಗುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆ ಸೀಮೆಗೂ ಮುಂಗಾರಿದೆ. ಆ ತಿಂಗಳುಗಳಲ್ಲಿ ಹಳ್ಳದ ದಡಕ್ಕೆ ಅಂಟಿಕೊಂಡ ಪಾರ್ಕನ್ನು ಬಿಟ್ಟುಬಿಡಿ. ವಸಂತದಲ್ಲಿ ಕಾಡುವುದು ಗಾಳಿ. ಬಯಲಿನ ನಡುವಿನ ತಾಣಕ್ಕಿಂತ ಬಂಡೆಯ ಇಲ್ಲವೇ ಮರಗಳ ಮರೆಯಿರುವ ತಾಣ ಮೇಲು, ಮತ್ತು ಎಲ್ಲಿದ್ದರೂ ಹೊರಗೆ ಹೋಗುವಾಗಲೂ ಮಲಗುವಾಗಲೂ ಬಾಗಿಲ ಮೇಲಿನ ಬಟ್ಟೆಯ ಚಪ್ಪರವನ್ನು ಮಡಚಲೇಬೇಕು.

ವಾಹನದ ಉದ್ದವನ್ನು ಅಡಿಗಳಲ್ಲಿ ತಿಳಿದುಕೊಂಡೇ ಕಾಯ್ದಿರಿಸಬೇಕು, ಜೋಶುವಾ ಟ್ರೀಯ ಹಿಡನ್ ವ್ಯಾಲಿಯಂಥ ಕಡೆ 25 ಅಡಿಗೆ ಮಿತಿಯಿದೆ. ಓಡಿಸುವವರು ಹೊಸಬರಾದರೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವ ಪುಲ್-ಥ್ರೂ ತಾಣವನ್ನೇ ಕೇಳಿ; ಕತ್ತಲೆಯಲ್ಲಿ ರಿವರ್ಸ್ ತೆಗೆಯುತ್ತ ಮನೆಯವರೆಲ್ಲ ಟಾರ್ಚ್ ಹಿಡಿದು ಕೂಗಾಡುವುದು ತಪ್ಪುತ್ತದೆ.

ನಕ್ಷತ್ರ ನೋಡುವ ಆಸೆಯಿದ್ದರೆ ಪಾರ್ಕಿನಲ್ಲಿ ರಾತ್ರಿಯಿಡೀ ದೊಡ್ಡ ದೀಪಗಳು ಉರಿಯುತ್ತವೆಯೇ, ಹತ್ತಿರದಲ್ಲಿ ರೈಲುಹಳಿಯಿದೆಯೇ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಮತ್ತು ಆಸ್ಪತ್ರೆ ಎಷ್ಟು ಮೈಲಿ ದೂರದಲ್ಲಿದೆ ಎಂಬುದನ್ನು ಒಂದೇ ಫೋನ್ ಕರೆಯಲ್ಲಿ ವಿಚಾರಿಸಬಹುದು. ಕಚೇರಿ ಸಂಜೆ ಎಷ್ಟಕ್ಕೆ ಮುಚ್ಚುತ್ತದೆಂದೂ ಕೇಳಿ. ಬೇಸಿಗೆಯಲ್ಲಿ ಯೂಟಾ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಅರಿಜೋನಾ ಇಡುವುದಿಲ್ಲ, ಅರಿಜೋನಾದೊಳಗೇ ಇರುವ, ನವಾಹೊ ಎಂಬ ಮೂಲನಿವಾಸಿಗಳ ಸೀಮೆ ಮಾತ್ರ ಮುಂದಿಡುತ್ತದೆ; ಅರಿಜೋನಾ ಗಡಿಯಾರದ ಪೇಜ್ ಪಟ್ಟಣದಿಂದ ನವಾಹೊ ಸೀಮೆಯ ಮಾನ್ಯುಮೆಂಟ್ ವ್ಯಾಲಿಗೆ ಹೊರಟವರು ದಾರಿಯಲ್ಲೇ ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಆರಕ್ಕೆ ಮುಚ್ಚುತ್ತೇವೆ ಎಂದು ಅವರು ಹೇಳಿದರೆ, ಅದು ಯಾವ ಗಡಿಯಾರದ ಆರು ಎಂಬುದನ್ನು ಫೋನ್ ಇಡುವ ಮೊದಲೇ ಕೇಳಿಕೊಳ್ಳಿ.