ಮಲೆನಾಡಿನಲ್ಲಿ ಫೋಟೋಗ್ರಫಿಯೇ ಕಸುಬಾಗಬೇಕಾದರೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕ್ಯಾಮೆರಾ ನಂಬಿ ಬದುಕುವವರಿಗೆ ಅನ್ನ ಕೊಡುವುದು ಮದುವೆ, ಉಪನಯನ, ಗೃಹಪ್ರವೇಶ. ಈ ಕೆಲಸ ಕೀಳಲ್ಲ. ಬೆಳಕು ಕಲಿಯಲು ಇದಕ್ಕಿಂತ ಕಠಿಣ ಶಾಲೆ ಸಿಗದು. ಅನುಭವಿಯೊಬ್ಬರ ಜೊತೆ ಎರಡನೇ ಕ್ಯಾಮೆರಾ ಹಿಡಿದು ಹತ್ತು ಮದುವೆ ಮುಗಿಸಿ, ಆಮೇಲೆ ಸ್ವಂತಕ್ಕೆ ಒಪ್ಪಿಕೊಳ್ಳಿ. ಎರಡು ಮೆಮೊರಿ ಕಾರ್ಡ್ ಹಾಕಬಹುದಾದ ಕ್ಯಾಮೆರಾ ಬಾಡಿಯನ್ನೇ ಕೊಳ್ಳಿ. ಧಾರೆಯ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ಮುಹೂರ್ತ ಮತ್ತೆ ಬರುವುದಿಲ್ಲ.

ಛತ್ರದ ಎಲ್‌ಇಡಿ ದೀಪಗಳಲ್ಲಿ ಹಲವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗವನ್ನು 1/250 ಸೆಕೆಂಡಿಗೆ ಏರಿಸಿದರೆ ಚಿತ್ರದಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. 1/100ರಲ್ಲಿಟ್ಟು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್‌ಒ ಹೊಂದಿಸಿ. ಹಳೇ ತೊಟ್ಟಿಮನೆಯಲ್ಲಿ ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಫಲವಿಲ್ಲ. ಮರದ ಮುಚ್ಚಿಗೆ ಬೆಳಕನ್ನು ನುಂಗುತ್ತದೆ, ಉಳಿದದ್ದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಪಕ್ಕದ ಸುಣ್ಣದ ಗೋಡೆಗೆ ಹೊಡೆಯಿರಿ. ಹೋಮದ ಹೊಗೆಗೆ ನೇರ ಫ್ಲಾಶ್ ಹಾಕಿದರೆ ಬಿಳಿ ಪರದೆ ಕಟ್ಟುತ್ತದೆ. ಬಣ್ಣದ ಚಪ್ಪರದಡಿ ಮುಖಗಳು ಹಳದಿಯಾದರೆ ಪುರೋಹಿತರ ಬಿಳಿ ಪಂಚೆ ನೋಡಿ ವೈಟ್ ಬ್ಯಾಲೆನ್ಸ್ ಸರಿಮಾಡಿಕೊಳ್ಳಿ.

ದರ ಹೇಳುವ ಮೊದಲು ಲೆಕ್ಕ ಹಾಕಿ. 3 ಲಕ್ಷದ ಸಾಮಾನು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 75,000. ವರ್ಷಕ್ಕೆ 25 ಮದುವೆ ಸಿಕ್ಕರೆ, ಪ್ರತಿ ಮದುವೆಯಲ್ಲೂ 3,000 ರೂಪಾಯಿ ಕ್ಯಾಮೆರಾದ ಪಾಲು. ಎಡಿಟಿಂಗ್ ದಿನಗಳ ಕೂಲಿ, ಆಲ್ಬಂ, ಪೆಟ್ರೋಲ್ ಬೇರೆ. ಮುಂಗಡ, ಆಲ್ಬಂ ಕೊಡುವ ದಿನಾಂಕ ಎರಡನ್ನೂ ಬರೆದುಕೊಳ್ಳಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ತೆಗೆಸಿದವರದ್ದೇ. ಇನ್‌ಸ್ಟಾಗ್ರಾಂಗೆ ಹಾಕಲು ಅವರ ಒಪ್ಪಿಗೆಯನ್ನೂ ಅದೇ ಹಾಳೆಯಲ್ಲಿ ಪಡೆಯಿರಿ.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿಯ ದೊಡ್ಡ ನಷ್ಟ. ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ; ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಬಟ್ಟೆಯ ಬ್ಯಾಗಿನಲ್ಲಿ ಇಡಲೇಬೇಡಿ, ಅದೇ ತೇವ ಹೀರಿಕೊಂಡಿರುತ್ತದೆ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ತೇವಮಾಪಕ ಸಾಕು. ತೇವಾಂಶ ಶೇ. 40–50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಿಸಿಮಾಡಿ ಒಣಗಿಸಿ.

ಆಷಾಢದಲ್ಲಿ ಛತ್ರ ಖಾಲಿ. ನಿಮ್ಮದೇ ಚಿತ್ರಗಳನ್ನು ಶುರುಮಾಡಲು ಅದೇ ಸಮಯ. ಜೋಗ, ಆಗುಂಬೆಯ ಸೂರ್ಯಾಸ್ತ ಎಲ್ಲರ ಬಳಿಯೂ ಇವೆ. ಬೈಕಿನಲ್ಲಿ ಅರ್ಧ ಗಂಟೆಗೆ ತಲುಪುವ ಒಂದೇ ವಿಷಯ ಹಿಡಿದು ಇಡೀ ವರ್ಷ ಹೋಗಿ. ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಮಳೆ ಬಿಟ್ಟಾಗ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರೆ. ಗಾಳಿ ಬರುವ ಕಡೆ ನಿಂತು ಲೆನ್ಸಿಗೆ ಫಿಲ್ಟರ್ ಹಾಕಿ, ಬೋರ್ಡೋ ಹನಿ ಒಣಗಿದರೆ ಬಿಳಿಚಾಗಿ ಅಂಟುತ್ತದೆ. ಕೊಯ್ಲಿನಲ್ಲಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನನ್ನು ಕೆಳಗಿಂದ ತೆಗೆದರೆ ಆಕಾಶದೆದುರು ಮುಖ ಕಪ್ಪಾಗುತ್ತದೆ. ತೋಟದ ಪಕ್ಕದ ದರೆ (ಮಣ್ಣಿನ ದಿಬ್ಬ) ಹತ್ತಿ, 200 ಎಂಎಂ ಲೆನ್ಸಿನಲ್ಲಿ ಅವನ ಕಣ್ಣಿನ ಮಟ್ಟಕ್ಕೆ ಬನ್ನಿ. ರಾತ್ರಿ ಅಡಿಕೆ ಸುಲಿಯುವಾಗ ಲೆನ್ಸಿನ ಕಿಂಡಿಯನ್ನು ಎಫ್/1.8ಕ್ಕೆ ಅಗಲಿಸಿ, ಐಎಸ್‌ಒ 3200 ಇಟ್ಟು ಬಲ್ಬಿನ ಬೆಳಕಲ್ಲೇ ಮೆಟ್ಟುಗತ್ತಿಯ ಮೇಲಿನ ಕೈಗಳನ್ನು ಹಿಡಿಯಿರಿ. ಫ್ಲಾಶ್ ಬೇಡ, ಕತ್ತಿಯ ಮುಂದೆ ಕುಳಿತವರ ಕಣ್ಣು ಕೋರೈಸಬಾರದು.

ವರ್ಷದ ಕೊನೆಗೆ ಹದಿನೈದು ಚಿತ್ರ ಆರಿಸಿ, ಪ್ರಿಂಟ್ ಹಾಕಿಸಿ, ಮೊದಲು ತೋಟದವರಿಗೇ ತೋರಿಸಿ. ಚಿತ್ರದಲ್ಲಿ ಕೆಲಸದವರ ಹಿಡಿತ, ನಿಲುವು ತಪ್ಪಾಗಿದ್ದರೆ ಅವರ ಕಣ್ಣಿಗೆ ಕೂಡಲೇ ಬೀಳುತ್ತದೆ.