ಲಿಥಿಯಂ ಮಾತ್ರೆ ತಗೊಳ್ಳುವವರು ಮನೆಯಲ್ಲಿದ್ದರೆ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಚಿಕ್ಕಪ್ಪ ಕಾಫಿ ಲೋಟ ಎತ್ತಿದರೆ ಅರ್ಧ ಕಾಫಿ ಪಂಚೆ ಮೇಲೆ. "ವಯಸ್ಸಾಯ್ತು ಬಿಡೋ" ಅಂದರು. ನಾವೂ ಸುಮ್ಮನಾದೆವು. ಮಾರನೇ ದಿನ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆದರು, ಮಾತು ತೊದಲಿತು, ಆಗ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ರಕ್ತದಲ್ಲಿ ಲಿಥಿಯಂ ಏರಿತ್ತು. ಮಾತ್ರೆ ಜಾಸ್ತಿ ನುಂಗಿದ್ದಾರಾ ಅಂತ ಡಾಕ್ಟರ್ ಕೇಳಿದರು. ಇಲ್ಲ, ವರ್ಷಗಳಿಂದ ತಗೊಳ್ಳುತ್ತಿದ್ದ ಅದೇ ಡೋಸ್. ಆದದ್ದೇನಂದರೆ, ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್ ತಂದಿದ್ದರು, ಉರಿಬಿಸಿಲಲ್ಲಿ ತೋಟದಲ್ಲಿ ಓಡಾಡಿದ್ದರು, ಬಿಪಿ ಬರಬಾರದು ಅಂತ ತಾವಾಗಿಯೇ ಉಪ್ಪು ಬಿಟ್ಟಿದ್ದರು. ಮೂರೂ ಒಟ್ಟಿಗೆ ಸೇರಿಕೊಂಡವು.

ಲಿಥಿಯಂ ಹೊಸ ಔಷಧವೇನಲ್ಲ. ಇದರಿಂದ ಉನ್ಮಾದ ಹತೋಟಿಗೆ ಬರುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಬರೆದದ್ದು 1949ರಲ್ಲಿ. ಬೈಪೋಲಾರ್, ಅಂದರೆ ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ ಇರುವವರಿಗೆ ಇವತ್ತಿಗೂ ಇದು ಮುಖ್ಯ ಮಾತ್ರೆ. ದೊಡ್ಡ ತೊಂದರೆ ಅಂದರೆ, ಸಾಕಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಮ್ಮಿ. ಸಾಮಾನ್ಯವಾಗಿ ಒಂದು ಲೀಟರ್ ರಕ್ತದ ಲೆಕ್ಕದಲ್ಲಿ 0.6ರಿಂದ 1.0 ಮಿಲಿಮೋಲ್ (ರಿಪೋರ್ಟಿನಲ್ಲಿ mmol/L ಅಥವಾ mEq/L) ಇರಬೇಕು ಅಂತಾರೆ, 1.5 ದಾಟಿದರೆ ಅಪಾಯ. ವಯಸ್ಸಾದವರಿಗೆ ಅದಕ್ಕಿಂತ ಕೆಳಗೇ ತೊಂದರೆ ಶುರುವಾಗಬಹುದು. ಲಿಥಿಯಂ ಕೂಡ ಒಂಥರಾ ಉಪ್ಪೇ. ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದಾಗ ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಅದರ ಜೊತೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಇಷ್ಟು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಮೊದಲು ಒಂದು ನೋಟ್‌ಬುಕ್ ಮಾಡಿ. ಮೊದಲ ಪುಟದಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಕಂಪನಿ ಹೆಸರಷ್ಟೇ ಬರೆದರೆ ಸಾಲದು, "ಲಿಥಿಯಂ" ಅಂತಲೂ ಬರೆಯಿರಿ, ಯಾಕಂದರೆ ತುರ್ತಿನಲ್ಲಿ ನೋಡುವ ಡಾಕ್ಟರಿಗೆ ಬೇಕಾಗುವುದು ಅದೇ. 300, 400, 450 ಹೀಗೆ ಬೇರೆ ಬೇರೆ ಬರುತ್ತವೆ. ಅಂಗಡಿಯವರು "ಅದಿಲ್ಲ, ಇದೂ ಅದೇ" ಅಂತ ಬೇರೆ ಸ್ಟ್ರಿಪ್ ಕೊಟ್ಟರೆ ಅಲ್ಲೇ ನಿಂತು ಚೀಟಿ ಜೊತೆ ಹೋಲಿಸಿ, ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡಿ. ನಿಧಾನಕ್ಕೆ ಕರಗುವ ಎಸ್‌ಆರ್ ಮಾತ್ರೆಯನ್ನು ಜಜ್ಜಿ ಪುಡಿ ಮಾಡಬೇಡಿ.

ವಾರದ ಡಬ್ಬಿ ತುಂಬಿಸಿ. ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಭಾನುವಾರ ರಾತ್ರಿ ಇಬ್ಬರೂ ಕೂತು ತುಂಬಿಸಿ, ಅವರ ಕೈಯಿಂದಲೇ ಆದರೆ ಒಳ್ಳೆಯದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಉಳಿದ ಸ್ಟ್ರಿಪ್‌ಗಳನ್ನು ಬೀಗ ಹಾಕಿಡಿ. ಇದು ಮಕ್ಕಳ ವಿಷಯ ಮಾತ್ರ ಅಲ್ಲ. ತುಂಬಾ ಬೇಸರದ ದಿನಗಳಲ್ಲಿ, ಬದುಕು ಸಾಕು ಅನ್ನುವ ಮಾತು ಬಂದಾಗ, ಮನೆಯಲ್ಲಿ ಮೂರು ತಿಂಗಳ ಮಾತ್ರೆ ಕೈಗೆ ಸಿಗುವಂತೆ ಇರಬಾರದು. ಆಗ ಸ್ವಲ್ಪ ಸ್ವಲ್ಪವೇ ತನ್ನಿ, ಡಾಕ್ಟರಿಗೂ ಹೇಳಿ. ಯಾರ ಹತ್ತಿರ ಮಾತಾಡೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾತ್ರೆ ಬೇಡ ಅಂದರೆ ಸಾರಿನಲ್ಲೋ ಹಾಲಿನಲ್ಲೋ ಕಲೆಸಿ ಕೊಡುವವರು ಎಷ್ಟೋ ಮನೆಯಲ್ಲಿದ್ದಾರೆ. ಅವರ ಕಷ್ಟ ಗೊತ್ತು, ಬೈಯುವುದಿಲ್ಲ. ಆದರೆ ಲಿಥಿಯಂ ವಿಷಯದಲ್ಲಿ ಖಂಡಿತ ಬೇಡ. ಅರ್ಧ ಲೋಟ ಕುಡಿದು ಇಟ್ಟರೆ ಎಷ್ಟು ಹೊಟ್ಟೆಗೆ ಹೋಯಿತು ಅಂತ ಹೇಗೆ ಗೊತ್ತಾಗುತ್ತೆ? ತಾನು ಲಿಥಿಯಂ ತಗೊಳ್ಳುತ್ತಿದ್ದೇನೆ ಅಂತಲೇ ಗೊತ್ತಿಲ್ಲದವರು ನೋವಿನ ಮಾತ್ರೆ ಕೇಳುವಾಗ ಅಂಗಡಿಯಲ್ಲಿ ಏನು ಹೇಳುತ್ತಾರೆ? ಮೇಲಾಗಿ ಒಂದು ದಿನ ಗೊತ್ತಾದರೆ ಮನೆ ಅನ್ನವನ್ನೂ ನಂಬುವುದಿಲ್ಲ. ಯಾಕೆ ಬೇಡ ಅಂತ ಕೇಳಿ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಏರುವುದು, ಕೈ ಸಣ್ಣಗೆ ನಡುಗುವುದು, ಇವೆಲ್ಲ ನಿಜವಾದ ತೊಂದರೆಗಳೇ. ಡಾಕ್ಟರ್ ಹತ್ತಿರ ಹೇಳಿದರೆ ದಾರಿ ಇರುತ್ತದೆ. ತಾವಾಗಿ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು.

ನೋವಿನ ಮಾತ್ರೆ ಕೊಳ್ಳುವ ಮೊದಲು ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಇವು ಲಿಥಿಯಂ ಮಟ್ಟ ಏರಿಸುತ್ತವೆ. ಜ್ವರ, ತಲೆನೋವಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸಾಕು. ಬಿಪಿಯ ಕೆಲವು ಮಾತ್ರೆಗಳೂ ಹೀಗೇ, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ನೀರು ಹೋಗಿಸುವ ಮಾತ್ರೆಗಳು. ಇವನ್ನು ಹೊಸದಾಗಿ ಬರೆಯುವ ಡಾಕ್ಟರಿಗೆ ನೋಟ್‌ಬುಕ್ ತೋರಿಸಿ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ, ಅದನ್ನೂ ಮೊದಲೇ ಹೇಳಬೇಕು.

ಉಪ್ಪು, ನೀರು ದಿನಾ ಒಂದೇ ಹದದಲ್ಲಿರಲಿ. ಜಾಸ್ತಿ ಉಪ್ಪು ತಿನ್ನಿಸಿ ಅಂತಲ್ಲ, ಇದ್ದಕ್ಕಿದ್ದಂತೆ ಬಿಡಬೇಡಿ ಅಂತ. ನೀರೂ ಮುಟ್ಟದ ಉಪವಾಸ ಮಾಡುವವರು ಮೊದಲೇ ಡಾಕ್ಟರನ್ನು ಕೇಳಲಿ. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದೇ. ವಾಂತಿ ಭೇದಿ ಶುರುವಾದರೆ ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರಿಗೆ ಫೋನ್.

ಲೆವೆಲ್ ಟೆಸ್ಟ್ ತಪ್ಪಿಸಬೇಡಿ. ರಾತ್ರಿಯ ಮಾತ್ರೆ ತಗೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ನುಂಗಿ ಹೋದರೆ ಲೆಕ್ಕ ಸುಳ್ಳಾಗುತ್ತದೆ, ದುಡ್ಡೂ ದಂಡ. ಶುರುವಿನಲ್ಲಿ ಬೇಗ ಬೇಗ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಕೂಡ ಆಗಾಗ ನೋಡಿಸಬೇಕು.

ಇನ್ನು ಕಾಯಬಾರದ ಹೊತ್ತು ಯಾವುದು? ಕೈ ಜೋರಾಗಿ ನಡುಗುವುದು, ಹೆಜ್ಜೆ ತಪ್ಪುವುದು, ಮಾತು ತೊದಲುವುದು, ಮಂಪರು, ನಿಲ್ಲದ ವಾಂತಿ. ಇದರಲ್ಲಿ ಯಾವುದು ಕಂಡರೂ ಮಾತ್ರೆ ಕೊಡದೆ, ನೋಟ್‌ಬುಕ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. ನಾವು ಒಂದು ದಿನ ಕಾದೆವು, ಕಾಯಬಾರದಿತ್ತು.

ಚಿಕ್ಕಪ್ಪ ಹುಷಾರಾದರು. ಈಗ ನೋಟ್‌ಬುಕ್ ಅವರದೇ, ನಾವು ಮುಟ್ಟುವ ಹಾಗಿಲ್ಲ. ಕಳೆದ ಸಲದ ಟೆಸ್ಟ್ 0.7. ಅದರ ಕೆಳಗೆ ಬರೆದಿದ್ದಾರೆ, "ಮಂಡಿನೋವು ಹಾಗೇ ಇದೆ. ಎಣ್ಣೆ ಸಾಕು."